ಹನ್ನೊಂದು ಮೀಟರ್ ದೂರದ ಚೆಂಡು

ಕೇಳುಗರಿಗೆ ನಮಸ್ಕಾರ.

ಯುರೋಪಿನ ಮಹಿಳಾ ತಂಡಗಳ ಯೂರೋ ಫುಟ್‌ಬಾಲ್ ಟೂರ್ನಿಯಲ್ಲಿ ಫೈನಲ್ ಪೆನಾಲ್ಟಿ ಶೂಟೌಟ್‌ವರೆಗೂ ಹೋಗಿದ್ದು ಎರಡೇ ಸಲ. ಶೂಟೌಟ್ ಅಂದರೆ, ಆಟ ಸಮವಾಗಿ ಮುಗಿದಾಗ ಎರಡೂ ತಂಡ ಸರದಿಯಂತೆ ಐದೈದು ಸಲ ಕೀಪರ್ ಎದುರು ಒದ್ದು ಗೆಲುವು ತೀರ್ಮಾನಿಸುವುದು. 1984ರ ಮೊಟ್ಟಮೊದಲ ಟೂರ್ನಿಯಲ್ಲಿ ಒಮ್ಮೆ, 2025ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇನ್ನೊಮ್ಮೆ. ಎರಡೂ ಸಲ ಇಂಗ್ಲೆಂಡ್ ಕಣದಲ್ಲಿತ್ತು.

ಶೂಟೌಟ್ ಅಂದರೆ ಲಾಟರಿ ಅನ್ನುವವರು ಬಹಳ ಜನ. ನಿಜವಾದ ಲಾಟರಿಯನ್ನೂ ಈ ಟೂರ್ನಿ ಕಂಡಿದೆ. 2013ರಲ್ಲಿ ಡೆನ್ಮಾರ್ಕ್ ಮತ್ತು ರಷ್ಯಾ ತಮ್ಮ ತಮ್ಮ ಗುಂಪಿನಲ್ಲಿ ಮೂರನೆಯವರಾಗಿ ಸರಿಸಮ ನಿಂತಾಗ, ಚೀಟಿ ಎತ್ತಿ ಡೆನ್ಮಾರ್ಕನ್ನು ಕ್ವಾರ್ಟರ್‌ಫೈನಲ್‌ಗೆ ಕಳಿಸಿದರು. ಶೂಟೌಟ್ ಹಾಗಲ್ಲ. ಅಲ್ಲಿ ಕಾಲು ಜಾರಿದ್ದಕ್ಕೂ ಒಂದು ನಿಯಮವಿದೆ.

ಮೊದಲು ಏರ್ಪಾಡು ನೋಡೋಣ. ನಾಣ್ಯ ಎರಡು ಸಲ ಚಿಮ್ಮುತ್ತದೆ: ಯಾವ ತುದಿಯ ಗೋಲು ಎಂದು ಒಮ್ಮೆ, ಯಾರು ಮೊದಲು ಎಂದು ಮತ್ತೊಮ್ಮೆ. ಚೆಂಡು ಗೋಲಿನಿಂದ 11 ಮೀಟರ್ ದೂರದಲ್ಲಿ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಆಟ ಮುಗಿದಾಗ ಮೈದಾನದಲ್ಲಿ ಇದ್ದವರಷ್ಟೇ ಒದೆಯಬಹುದು. ಬದಲಿಯಾಗಿ ಹೊರಹೋದವರು ಬೆಂಚಿನಲ್ಲೇ ಕೂತು ನೋಡಬೇಕು. ಒಂದು ತಂಡಕ್ಕೆ ಕೆಂಪು ಕಾರ್ಡು ಬಿದ್ದು ಹತ್ತೇ ಜನ ಉಳಿದಿದ್ದರೆ, ಎದುರಾಳಿಯೂ ಒಬ್ಬರನ್ನು ಪಟ್ಟಿಯಿಂದ ಕೈಬಿಡಬೇಕು. ಹನ್ನೊಂದನೆಯ, ಅಂದರೆ ಎಲ್ಲರಿಗಿಂತ ಕಡೆಯ ಆಟಗಾರ್ತಿಯನ್ನು ಒದೆಯಲು ಕಳಿಸುವ ಕಷ್ಟ ಒಂದೇ ತಂಡದ ಪಾಲಿಗೆ ಬರಬಾರದಲ್ಲ.

ಗೋಲ್‌ಕೀಪರ್‌ಗೂ ಕಟ್ಟುಪಾಡಿದೆ. ಚೆಂಡನ್ನು ಒದೆಯುವ ಕ್ಷಣದಲ್ಲಿ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ, ಇಲ್ಲವೇ ಗೆರೆಯ ಹಿಂದೆ ಇರಬೇಕು. ಮುಂದೆ ನುಗ್ಗಿ ತಡೆದರೆ ಮರು ಒದೆತ. ಆದರೆ ಚೆಂಡು ತಾನಾಗಿಯೇ ಕಂಬಕ್ಕೆ ಬಡಿದರೆ ಅಥವಾ ಹೊರಗೆ ಹೋದರೆ, ಕೀಪರ್ ಮುಂದೆ ಬಂದಿದ್ದರೂ ಸಾಮಾನ್ಯವಾಗಿ ಮತ್ತೆ ಅವಕಾಶ ಕೊಡುವುದಿಲ್ಲ. ಕೀಪರ್‌ಳ ಚಲನೆಯಿಂದಲೇ ಒದೆಯುವವಳು ಗುರಿ ತಪ್ಪಿದಳು ಎಂಬುದು ರೆಫರಿಗೆ ಸ್ಪಷ್ಟವಾಗಿ ಕಂಡರೆ ಮಾತ್ರ ಮರು ಒದೆತ.

ಆಟದ ನಡುವಿನ ಪೆನಾಲ್ಟಿಗೂ ಶೂಟೌಟ್‌ನ ಪೆನಾಲ್ಟಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಕ್ಲೋಯಿ ಕೆಲ್ಲಿ ಒಬ್ಬಳೇ ತೋರಿಸಿಕೊಟ್ಟಳು. 2025ರ ಸೆಮಿಫೈನಲ್‌ನಲ್ಲಿ, ಇಟಲಿಯ ಎದುರು 119ನೇ ನಿಮಿಷದಲ್ಲಿ ಅವಳ ಪೆನಾಲ್ಟಿಯನ್ನು ಲಾರಾ ಜೂಲಿಯಾನಿ ತಡೆದಳು. ಪುಟಿದು ಬಂದ ಚೆಂಡನ್ನು ಕೆಲ್ಲಿ ಮತ್ತೆ ಒಳಗೆ ತಳ್ಳಿದಳು, ಇಂಗ್ಲೆಂಡ್ 2–1ರಿಂದ ಗೆದ್ದಿತು. ಶೂಟೌಟ್‌ನಲ್ಲಿ ಈ ಎರಡನೇ ಅವಕಾಶವಿಲ್ಲ. ತಡೆದರೆ ಅಲ್ಲಿಗೆ ಮುಗಿಯಿತು.

ಇನ್ನು ಕಾಲು ಜಾರುವ ವಿಚಾರ. ಒದೆಯುವ ಕಾಲಿಗಿಂತ ಊರಿದ ಕಾಲೇ ಹೆಚ್ಚು ಕೈಕೊಡುತ್ತದೆ. ಓಡಿಬಂದ ಮೈಭಾರವೆಲ್ಲ ಚೆಂಡಿನ ಪಕ್ಕದ ಆ ಒಂದು ಪಾದದ ಮೇಲೆ ಬೀಳುತ್ತದೆ. ಹುಲ್ಲು ಹಿಡಿತ ಕೊಡದಿದ್ದರೆ ಅದು ಮುಂದಕ್ಕೆ ಜಾರಿ, ಒದ್ದ ಚೆಂಡು ಆ ಕಾಲಿಗೂ ತಗಲುತ್ತದೆ. ಹಾಗಾದರೆ ಎರಡು ಸಲ ಮುಟ್ಟಿದಂತೆ. ಶೂಟೌಟ್‌ನಲ್ಲಿ ಮೊದಲೆಲ್ಲ ಹೀಗಾದರೆ ಗೋಲು ರದ್ದು. 2025ರ ಮಾರ್ಚ್‌ನಲ್ಲಿ ಪುರುಷರ ಚಾಂಪಿಯನ್ಸ್ ಲೀಗ್‌ನಲ್ಲಿ ಹೂಲಿಯನ್ ಆಲ್ವರೆಸ್‌ನ ಗೋಲನ್ನು ಹೀಗೆ ಕಳೆದಾಗ ಗದ್ದಲವೆದ್ದು, ಜೂನ್‌ನಲ್ಲಿ ನಿಯಮಕ್ಕೆ ಹೊಸ ವಿವರಣೆ ಬಂತು: ಉದ್ದೇಶವಿಲ್ಲದೆ ಎರಡು ಸಲ ತಗಲಿ ಚೆಂಡು ಗೋಲಾದರೆ ಮತ್ತೊಮ್ಮೆ ಒದೆಯಬೇಕು, ಗೋಲಾಗದಿದ್ದರೆ ತಪ್ಪಿದ ಲೆಕ್ಕ.

ತಿಂಗಳು ಎರಡು ಕಳೆಯುವ ಮೊದಲೇ, ಜುಲೈ 27ರಂದು, ಬಾಸೆಲ್ ಫೈನಲ್‌ನ ಮೊದಲ ಒದೆತದಲ್ಲೇ ಇದು ಬಳಕೆಗೆ ಬಂತು. ಇಂಗ್ಲೆಂಡಿನ ಬೆತ್ ಮೀಡ್ ಜಾರಿದಳು, ಚೆಂಡು ಒಳಗೆ ಹೋಯಿತು, ರೆಫರಿ ಮರು ಒದೆತ ಕೊಟ್ಟರು. ಎರಡನೆಯದನ್ನು ಸ್ಪೇನ್‌ನ ಕಾತಾ ಕೋಲ್ ತಡೆದಳು. ನಿಯಮ ದಯೆ ತೋರಿತು, ಫಲ ಮಾತ್ರ ಸಿಗಲಿಲ್ಲ.

ಕೀಪರ್‌ಗಳೂ ಒದೆಯುತ್ತಾರೆ. 1989ರ ಸೆಮಿಫೈನಲ್‌ನಲ್ಲಿ ಇಟಲಿಯ ಎದುರು ಪಶ್ಚಿಮ ಜರ್ಮನಿಯ ಮಾರಿಯೋನ್ ಇಸ್ಬರ್ಟ್ ಮೂರನ್ನು ತಡೆದು, ನಿರ್ಣಾಯಕ ಪೆನಾಲ್ಟಿಯನ್ನು ತಾನೇ ಗೋಲಾಗಿಸಿದಳು. (ಆ ಸಲ ಕಪ್ ಗೆದ್ದವರಿಗೆ ತಮ್ಮ ಫುಟ್‌ಬಾಲ್ ಸಂಸ್ಥೆಯಿಂದ ಸಿಕ್ಕ ಉಡುಗೊರೆ ಪಿಂಗಾಣಿ ಕಪ್ಪು-ಬಸಿಗಳ ಸೆಟ್ಟು! ಅದರ ಮೇಲೆ ಹೆಚ್ಚೇನೂ ಹೇಳಬೇಕಿಲ್ಲ.) 2025ರ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್‌ನ ಯೆನ್ನಿಫರ್ ಫಾಲ್ಕ್ ಇಂಗ್ಲೆಂಡಿನ ಒಟ್ಟು ನಾಲ್ಕು ಒದೆತ ತಡೆದಳು. ಅದರಲ್ಲಿ ಮೂರನ್ನು ತಡೆದ ಮೇಲೆ, ಗೋಲಾಗಿಸಿದ್ದರೆ ಅಲ್ಲೇ ಗೆಲುವು ಎನ್ನುವ ಐದನೆಯ ಸರದಿಗೆ ಅವಳೇ ಬಂದಳು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿತು. ಆ ರಾತ್ರಿ ಹದಿನಾಲ್ಕು ಒದೆತ, ಐದೇ ಗೋಲು, 3–2ರಿಂದ ಇಂಗ್ಲೆಂಡ್. ನನ್ನ ಮಟ್ಟಿಗೆ ಹೇಳುವುದಾದರೆ, ಮೂರು ಒದೆತ ತಡೆದು ಎದ್ದ ಕೀಪರ್ ಮೇಲೆ ಐದನೆಯ ಒದೆತದ ಹೊರೆಯನ್ನೂ ಹಾಕಬಾರದು. ಇಸ್ಬರ್ಟ್‌ಳ ಉದಾಹರಣೆ ಕೊಟ್ಟು ಇದನ್ನು ಅಲ್ಲಗಳೆಯುವವರೂ ಇದ್ದಾರು.

ಮತ್ತೆ ಬಾಸೆಲ್‌ಗೆ. ಸ್ಪೇನ್‌ನ ಮರಿಯೋನಾ ಕಾಲ್ದೆಂತೆ, ಐತಾನಾ ಬೊನ್ಮಾತಿ ಇಬ್ಬರನ್ನೂ ಇಂಗ್ಲೆಂಡಿನ ಕೀಪರ್ ಹ್ಯಾನಾ ಹ್ಯಾಂಪ್ಟನ್ ತಡೆದಳು. ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್ಸನ್‌ಳದೂ ತಪ್ಪಿತು. ಸ್ಪೇನ್‌ನ ಸಲ್ಮಾ ಪರಾಯ್ವೆಲೊ ಒದ್ದದ್ದು ಹೊರಗೆ. ಲೆಕ್ಕ 2–1, ಇಂಗ್ಲೆಂಡ್ ಮುಂದೆ. ಇಂಗ್ಲೆಂಡಿನ ಐದನೆಯವಳಾಗಿ ಕೆಲ್ಲಿ ಬಂದಳು. ಮೊಣಕಾಲೆತ್ತಿ ಒಂದು ಸಣ್ಣ ಕುಪ್ಪಳಿಕೆ, ಆಮೇಲೆ ಓಟ. ಓಡುವಾಗ ಹೀಗೆ ಕಣ್ಕಟ್ಟು ಮಾಡಬಹುದು, ಓಟ ಮುಗಿದ ಮೇಲೆ ಚೆಂಡಿನ ಮುಂದೆ ನಿಂತು ಮಾಡಿದರೆ ಹಳದಿ ಕಾರ್ಡು. ಚೆಂಡು ಬಲೆಯಲ್ಲಿತ್ತು, 3–1.

ಸ್ಪೇನ್‌ಗೆ ಇನ್ನೊಂದು ಒದೆತ ಬಾಕಿ ಇತ್ತು. ಅದು ಗೋಲಾದರೂ ಸಮ ಆಗುವಂತಿರಲಿಲ್ಲ. ಐದನೆಯವಳು ನಡುಗೆರೆಯಿಂದ ಮುಂದೆ ಹೆಜ್ಜೆ ಇಡುವ ಸರದಿಯೇ ಬರಲಿಲ್ಲ.