ಗ್ಲೂಕೋಸ್ ಡ್ರಿಪ್‌ಗೂ ಮುಂಚೆ ಥಯಾಮಿನ್

ಕೇಳುಗರಿಗೆ ನಮಸ್ಕಾರ. ಸೆಪ್ಸಿಸ್, ಅಂದರೆ ಮೈಗೆಲ್ಲ ನಂಜೇರಿ ಐಸಿಯು ಸೇರುವವರು ಎಷ್ಟೋ ಸಲ ಅದಕ್ಕೂ ಮುಂಚೆ ಹಲವು ದಿನ ನೆಟ್ಟಗೆ ಉಂಡಿರುವುದಿಲ್ಲ. ಜ್ವರ, ವಾಂತಿ, ಹೊಟ್ಟೆಗೆ ಬಿದ್ದರೆ ಪಾಲಿಶ್ ಅಕ್ಕಿಯ ಗಂಜಿ. ಬೆಂಗಳೂರಿನ ಬಡಾವಣೆ ಕ್ಲಿನಿಕ್ಕುಗಳಲ್ಲಿ ದಿನವೂ ಕೇಳುವ ಮಾತು: "ತುಂಬಾ ಸುಸ್ತು ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕ್ಬಿಡಿ."

ತೊಡಕು ಅಲ್ಲೇ. ಸಕ್ಕರೆಯಿಂದ ಪೂರ್ತಿ ಶಕ್ತಿ ತೆಗೆಯಲು ಜೀವಕೋಶಕ್ಕೆ ಬಿ1, ಅಂದರೆ ಥಯಾಮಿನ್ ಬೇಕೇಬೇಕು. ಮೈಯಲ್ಲಿರುವ ದಾಸ್ತಾನು ಸುಮಾರು 30 ಮಿಲಿಗ್ರಾಂ. ಊಟದಿಂದ ಬರದಿದ್ದರೆ ಎರಡು ಮೂರು ವಾರಕ್ಕೆ ಖಾಲಿ. ದಿನವೂ ಕುಡಿಯುವವರಲ್ಲಿ, ಫ್ಯೂರೋಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಇನ್ನೂ ಬೇಗ. ಆಗ ಸಕ್ಕರೆ ಅರ್ಧ ದಾರಿಯಲ್ಲೇ ಲ್ಯಾಕ್ಟೇಟ್ ಆಗಿ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಸೆಪ್ಸಿಸ್‌ನಲ್ಲೂ ಲ್ಯಾಕ್ಟೇಟ್ ಏರುವುದರಿಂದ ಎಲ್ಲವನ್ನೂ ಸೋಂಕಿನ ತಲೆಗೇ ಕಟ್ಟಿಬಿಡುತ್ತೇವೆ. ಬಿಪಿ ಸುಧಾರಿಸಿದೆ, ಆಂಟಿಬಯಾಟಿಕ್ ಹಿಡಿದಿದೆ, ಆದರೂ ಲ್ಯಾಕ್ಟೇಟ್ ಲೀಟರಿಗೆ 4 ಮಿಲಿಮೋಲ್ ಬಿಟ್ಟು ಇಳಿಯುತ್ತಿಲ್ಲ ಎಂದರೆ ಬಿ1 ಕೊರತೆಯನ್ನು ಶಂಕಿಸಲೇಬೇಕು.

ಬಿ1 ಪರೀಕ್ಷೆಯ ವರದಿಗೆ ದಿನಗಳು ಹಿಡಿಯುತ್ತವೆ, ಅದಕ್ಕೆ ಕಾಯುವಂತಿಲ್ಲ. 200 ಮಿಲಿಗ್ರಾಂ ಥಯಾಮಿನನ್ನು 100 ಎಂಎಲ್ ಸಲೈನಿಗೆ ಬೆರೆಸಿ ಅರ್ಧ ಗಂಟೆಯಲ್ಲಿ ಬಿಡಬಹುದು, ದಿನಕ್ಕೆರಡು ಸಲ. ಡೆಕ್ಸ್‌ಟ್ರೋಸ್‌ಗೆ, ಅಂದರೆ ಗ್ಲೂಕೋಸ್ ಡ್ರಿಪ್‌ಗೆ ಮೊದಲು, ಇಲ್ಲವೇ ಜೊತೆಗೇ. ಗೊಂದಲ, ಕಣ್ಣುಗುಡ್ಡೆ ಅದುರುವುದು, ತೂರಾಟ ಕಂಡರೆ ಬಿ1 ಕೊರತೆಯಿಂದ ಮಿದುಳಿಗೆ ಬರುವ ವೆರ್ನಿಕೆ ಕಾಯಿಲೆ ಇರಬಹುದು. ಆಗ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಮೆಗ್ನೀಸಿಯಮ್ ಕಡಿಮೆಯಿದ್ದರೆ ಅದನ್ನೂ ತುಂಬಿಸಬೇಕು, ಇಲ್ಲದಿದ್ದರೆ ಕೊಟ್ಟ ಥಯಾಮಿನ್ ಕೆಲಸ ಮಾಡದು. ರೋಗಿಯ ಜೊತೆ ಬಂದವರು ಕುಡಿತವನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಊಟ ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನೂ ಹೇಳಿ.

ಸೆಪ್ಸಿಸ್ ಚಿಕಿತ್ಸೆಯಲ್ಲಿ ಹೆಚ್ಚು ಸದ್ದು ಮಾಡಿದ್ದು ಮಾತ್ರ ವಿಟಮಿನ್ ಸಿ. ಸೆಪ್ಸಿಸ್‌ನಲ್ಲಿ ಅದರ ಮಟ್ಟ ಇಳಿಯುವುದು ನಿಜ. ಆದರೆ 2022ರಲ್ಲಿ ಪ್ರಕಟವಾದ ಲೋವಿಟ್ ಅಧ್ಯಯನದಲ್ಲಿ, ಕಿಲೋ ತೂಕಕ್ಕೆ 50 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ ಸಿ ಪಡೆದವರಲ್ಲಿ ಸಾವು ಅಥವಾ ಮುಂದುವರಿದ ಅಂಗವೈಫಲ್ಯ ಹೆಚ್ಚೇ ಇತ್ತು. ಇಷ್ಟು ಸಿ ರಕ್ತದಲ್ಲಿದ್ದರೆ ಕೆಲವು ಗ್ಲುಕೋಮೀಟರುಗಳು ಇಲ್ಲದ ಸಕ್ಕರೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ರೋಗಿಯ ಸಕ್ಕರೆ ಕುಸಿಯುತ್ತದೆ.

ಇನ್ನು ವಿಟಮಿನ್ ಕೆ. ನಮ್ಮಲ್ಲಿ ಧಾರಾಳವಾಗಿ ಬಳಸುವ ಸೆಫೋಪೆರಜೋನ್ ಆಂಟಿಬಯಾಟಿಕ್, ಊಟವಿಲ್ಲದ ರೋಗಿಯಲ್ಲಿ ಕೆ ಕೊರತೆ ತಂದು ರಕ್ತ ಹೆಪ್ಪುಗಟ್ಟದಂತೆ ಮಾಡಬಲ್ಲದು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ನೋಡುತ್ತಿರಬೇಕು. ಏರಿದರೆ 10 ಮಿಲಿಗ್ರಾಂ ಕೆ, ಸಲೈನಿನಲ್ಲಿ ನಿಧಾನವಾಗಿ. ರಭಸದಿಂದ ಕೊಟ್ಟರೆ ತೀವ್ರ ಅಲರ್ಜಿಯ ಅಪಾಯವಿದೆ.