ಒಂದು ಇಂಚಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಂತಾಕ್ರೂಜ್‌ನ ವಿಮಾನ ಕಾರ್ಯಾಗಾರವೊಂದರಲ್ಲಿ ನಾನು 36 ವರ್ಷ ದುಡಿದೆ. ಎಂಜಿನ್ ಮುಟ್ಟುವ ಕೆಲಸವಲ್ಲ, ಸೀಟುಗಳ ಕೆಲಸ. ಹರಿದ ಹೊದಿಕೆ ಬಿಚ್ಚುವುದು, ಕುಸಿದ ಫೋಮ್ ಬದಲಿಸುವುದು, ಹಿಂದಕ್ಕೆ ಬಾಗದೆ ಮುಷ್ಕರ ಹೂಡಿದ ಬೆನ್ನನ್ನು ಸರಿಪಡಿಸುವುದು. ಹಾಗಾಗಿ ಯಾರಾದರೂ ವಿಮಾನದ ಸೀಟಿನ ಬಗ್ಗೆ ಮಾತನಾಡಿದರೆ ನನ್ನ ಕಿವಿ ತಾನಾಗಿ ಅತ್ತ ತಿರುಗುತ್ತದೆ.

ಕಳೆದ ತಿಂಗಳು ನನ್ನ ದೊಡ್ಡಣ್ಣ ಮಂಗಳೂರಿನ ಬಜಪೆಯಿಂದ ವಿಮಾನದಲ್ಲಿ ಮುಂಬೈಗೆ ಬಂದಿದ್ದ. ಆರಡಿ ಎತ್ತರದ ಆಳು. ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಮನೆಗೆ ಬಂದವನು ಚಹಾ ಲೋಟ ಹಿಡಿಯುವ ಮೊದಲೇ, "ಹಿಂದಿನ ವಿಮಾನಗಳೇ ವಾಸಿ, ಸೋಫಾದಲ್ಲಿ ಕೂತ ಹಾಗಿರುತ್ತಿತ್ತು" ಎಂದ. ಅವನ ಮಾತು ಮಂಡಿಯ ಮಟ್ಟಿಗೆ ನಿಜ. ಕಿವಿಯ ಮಟ್ಟಿಗೆ, ಹೊಟ್ಟೆಯ ಮಟ್ಟಿಗೆ ನಿಜವಲ್ಲ. ಈ ಎರಡನ್ನೂ ಬಿಡಿಸಿ ಹೇಳಬೇಕೆಂದೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಮುಂಬೈಯಿಂದ ಊರಿಗೆ ಹೋಗಬೇಕಾದ ನಮ್ಮವರಿಗೆ ಘಾಟಿ ಹತ್ತಿಳಿಯುವ ರಾತ್ರಿ ಬಸ್ಸೇ ಗತಿ. ಮದುವೆಗೋ ಸಾವಿಗೋ ತುರ್ತಾಗಿ ಹೋಗಬೇಕಾದವರು ಸಾಲ ಮಾಡಿ ವಿಮಾನ ಹತ್ತುತ್ತಿದ್ದರು. ಬಜಪೆ ವಿಮಾನ ನಿಲ್ದಾಣ 1951ರಲ್ಲಿ ಆರಂಭವಾದ ಕಾಲದ್ದು ಡಕೋಟಾ ಎಂಬ ವಿಮಾನ. ಅದರ ಬಾಲದಡಿ ಪುಟ್ಟ ಚಕ್ರ. ನೆಲದ ಮೇಲೆ ನಿಂತಾಗ ಮೂತಿ ಮೇಲೆ, ಬಾಲ ಕೆಳಗೆ. ಹಿಂಬಾಗಿಲಿನಿಂದ ಒಳಗೆ ಬಂದವರು ದಿಬ್ಬ ಹತ್ತುವಂತೆ ನಡೆದು ತಮ್ಮ ಸೀಟು ಸೇರಬೇಕಿತ್ತು. ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಆದ್ದರಿಂದ ಎತ್ತರಕ್ಕೆ ಹೋಗುವಂತಿಲ್ಲ, ಮಳೆಗಾಲದ ಮೋಡಗಳ ನಡುವೆಯೇ ಕುಲುಕಾಡುತ್ತ ಸಾಗಬೇಕು. ಇಳಿಯುವಾಗ ಮಕ್ಕಳು ಕಿವಿ ಹಿಡಿದುಕೊಂಡು ಅಳುತ್ತಿದ್ದರೆಂದು ಕಾರ್ಯಾಗಾರದ ಹಿರಿಯರು ಹೇಳುತ್ತಿದ್ದರು.

ವೈಕೌಂಟ್ ವಿಮಾನದ ಕಿಟಕಿಯ ಬಗ್ಗೆ ಅದೇ ಹಿರಿಯರು ಹೇಳುವಾಗ ಮಾತ್ರ ಅವರ ಮುಖ ಅರಳುತ್ತಿತ್ತು. ಮೊಟ್ಟೆಯಾಕಾರದ ಕಿಟಕಿ, ಎತ್ತರ 26 ಇಂಚು, ಅಗಲ 19 ಇಂಚು. ಒಂದು ತಟ್ಟೆ ಊಟ ಅದರಲ್ಲಿ ಹಾಯುವಷ್ಟು ದೊಡ್ಡದು. ಇಂದಿನ ಕಿಟಕಿಗಳು ವಿಸ್ತಾರದಲ್ಲಿ ಅದರ ಅರ್ಧವೂ ಇಲ್ಲ.

ನಾನು ಸ್ವತಃ ಕೈಯಾಡಿಸಿದ್ದು ಆವ್ರೋ, ಫಾಕರ್ ಫ್ರೆಂಡ್‌ಶಿಪ್ ಎಂಬ ವಿಮಾನಗಳಿಂದ ಮೊದಲ್ಗೊಂಡು. ಎರಡಕ್ಕೂ ರೋಲ್ಸ್ ರಾಯ್ಸ್‌ನ ಡಾರ್ಟ್ ಎಂಜಿನ್, ಎರಡರಲ್ಲೂ ಆಚೆ ಎರಡು ಈಚೆ ಎರಡು ಸೀಟು. ಆದರೆ ಫಾಕರ್‌ನ ರೆಕ್ಕೆ ತಲೆಯ ಮೇಲೆ, ಆವ್ರೋದ ರೆಕ್ಕೆ ಕಾಲಿನ ಕೆಳಗೆ. ಫಾಕರ್‌ನಲ್ಲಿ ಕೂತರೆ ಕೆಳಗೆ ಕಡಲ ತೀರ ನಿರಾತಂಕವಾಗಿ ಕಾಣುತ್ತಿತ್ತು. ಆವ್ರೋದ ನಡುಸಾಲಿನವರಿಗೆ ರೆಕ್ಕೆಯೇ ದೃಶ್ಯ. ಪ್ರೊಪೆಲ್ಲರ್‌ಗೆ ನೇರವಾಗಿ ಬರುವ ಸಾಲಿನಲ್ಲಿ ಸದ್ದೂ ಹೆಚ್ಚು, ನಡುಕವೂ ಹೆಚ್ಚು. ಕೆಲವು ಸೀಟುಗಳ ತಿರುಪು ಪದೇ ಪದೇ ಸಡಿಲವಾಗಿ ಬಂದರೆ ಅದು ಯಾವ ಸಾಲಿನದೆಂದು ಕೇಳದೆಯೇ ತಿಳಿಯುತ್ತಿತ್ತು.

ಇನ್ನು ಅಣ್ಣನ ಸೋಫಾ. ಬೋಯಿಂಗ್ 737-200ರ ಸೀಟಿನ ಮೇಲ್ಹೊದಿಕೆ ತೆಗೆದರೆ ದಪ್ಪ ಫೋಮ್ ಸಿಗುತ್ತಿತ್ತು. ಹೊಸದಾಗಿದ್ದಾಗ ಅದು ಮೆತ್ತಗೆ, ನಿಜ. ನಾಲ್ಕಾರು ವರ್ಷ ಜನ ಕೂತೆದ್ದ ಮೇಲೆ ನಡುವೆ ತಗ್ಗು ಬಿದ್ದು ಕೆಳಗಿನ ಕೊಳವೆ ತೊಡೆಗೆ ತಾಗುತ್ತಿತ್ತು. ಇನ್ನೊಂದು ಮಾತು. ಆ ಫೋಮ್‌ಗೆ ಬೆಂಕಿ ಹತ್ತಿದರೆ ವಿಷದ ಹೊಗೆ. 1980ರ ದಶಕದಲ್ಲಿ ಅಮೆರಿಕದ ನಿಯಂತ್ರಕರು ಅದರ ಮೇಲೆ ಬೆಂಕಿ ತಡೆಯುವ ಪದರ ಇರಲೇಬೇಕೆಂದು ನಿಯಮ ಮಾಡಿದರು. 1988ರಲ್ಲಿ ಹೊಸ ವಿನ್ಯಾಸದ ವಿಮಾನಗಳ ಸೀಟುಗಳು ಗುರುತ್ವದ 16 ಪಟ್ಟು ಹೊಡೆತ ತಾಳಬೇಕೆಂದರು. ಹಳೆಯವು ತಾಳಬೇಕಿದ್ದದ್ದು 9 ಪಟ್ಟು. ಇಂದಿನ ತೆಳು ಸೀಟನ್ನು ಬೈಯುವಾಗ ಇದನ್ನು ಮರೆಯಬಾರದು ಎನ್ನುವುದು ನನ್ನ ಕಳಕಳಿ.

ಮಂಡಿಯ ವಿಷಯಕ್ಕೆ ಬರುತ್ತೇನೆ. ವಿಮಾನದ ನೆಲಹಾಸು ಎತ್ತಿದರೆ ಮೂತಿಯಿಂದ ಬಾಲದ ತನಕ ಅಲ್ಯೂಮಿನಿಯಂ ಹಳಿಗಳು ಕಾಣುತ್ತವೆ. ಹಳಿಯುದ್ದಕ್ಕೂ ಇಂಚಿಗೊಂದು ದುಂಡು ತೂತು. ಸೀಟಿನ ಕಾಲನ್ನು ಆ ತೂತುಗಳಲ್ಲಿ ಇಳಿಸಿ, ಸರಿಸಿ, ಬಿಗಿಯುತ್ತೇವೆ. ಒಂದು ಸೀಟಿನ ಯಾವುದೋ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರವೇ ಪಿಚ್. ನಾನು ಸೇರಿದ ಕಾಲದಲ್ಲಿ 32 ಇಂಚು ಸಾಮಾನ್ಯವಾಗಿತ್ತು. ಈಗಿನ ಅಗ್ಗದ ದರದ ವಿಮಾನಗಳಲ್ಲಿ 28ರಿಂದ 30. ವಿಮಾನ ಕುಗ್ಗಲಿಲ್ಲ, ಸೀಟುಗಳು ಒಂದೊಂದು ತೂತು ಮುಂದೆ ಸರಿದವು, ಅಷ್ಟೇ. ಮೂವತ್ತು ಸಾಲುಗಳಲ್ಲಿ ತಲಾ ಒಂದಿಂಚು ಉಳಿಸಿದರೆ ಮೂವತ್ತು ಇಂಚು, ಅಂದರೆ ಇನ್ನೊಂದು ಸಾಲು, ಆರು ಟಿಕೆಟ್. ಏರ್‌ಬಸ್ ಎ320ರಲ್ಲಿ 180 ಇದ್ದ ಸೀಟು 186 ಆದದ್ದೂ ಒಂದೇ ಸಾಲು ಹೆಚ್ಚಿದ್ದರಿಂದ. ತೆಳು ಸೀಟು, ಹಿಂಭಾಗದ ಶೌಚಾಲಯದ ಹೊಸ ಜೋಡಣೆ, ಎಲ್ಲ ಸೇರಿ ಆ ಜಾಗ ಹುಟ್ಟಿತು. ಬೆನ್ನು ತೆಳುವಾದಷ್ಟೂ ಮಂಡಿಗೆ ಸ್ವಲ್ಪ ಜಾಗ ಮರಳಿ ಸಿಗುತ್ತದೆ, ಅದನ್ನೂ ಹೇಳಬೇಕು. ಆದರೆ ಆರಡಿಯವರಿಗೆ ಆ ಸ್ವಲ್ಪ ಸಾಲದು.

ಅಗಲದಲ್ಲೂ ಒಂದಿಂಚಿನದೇ ಆಟ. 737ರ ಒಳಗಲ 3.54 ಮೀಟರ್, ಎ320ರದು 3.70. ಹದಿನಾರು ಸೆಂಟಿಮೀಟರನ್ನು ಆರು ಜನರಿಗೆ ಹಂಚಿದರೆ ತಲಾ ಒಂದಿಂಚು. ಭುಜ ಅಗಲವಿದ್ದವರಿಗೆ ಅದು ಕೂತ ತಕ್ಷಣ ತಿಳಿಯುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು 1976ರಲ್ಲಿ ನಮ್ಮ ದೇಶಕ್ಕೆ ಬಂದ ಏರ್‌ಬಸ್ ಎ300. ನಡೆದಾಡಲು ಎರಡು ಓಣಿ; ಸಾಲಿಗೆ ಎರಡು, ನಾಲ್ಕು, ಎರಡರಂತೆ ಎಂಟು ಸೀಟು. ಎಲ್ಲಿ ಕೂತರೂ ಓಣಿಗೆ ಬರಲು ಒಬ್ಬರಿಗಿಂತ ಹೆಚ್ಚು ಜನರನ್ನು ಎಬ್ಬಿಸಬೇಕಿಲ್ಲ. ವಯಸ್ಸಾದವರಿಗೆ, ಮತ್ತೆ ಮತ್ತೆ ಶೌಚಾಲಯಕ್ಕೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ನಾನು ಬೇರೆ ಕಂಡಿಲ್ಲ. ಅದು ಮರೆಯಾದದ್ದು ನನಗೆ ಇಂದಿಗೂ ನೋವು.

ಟಿಕೆಟ್ ಮಾರುವಾಗ ಪಿಚ್ ಎಷ್ಟೆಂದು ದರದ ಪಕ್ಕದಲ್ಲೇ ಬರೆಯಬೇಕು. ಬಟ್ಟೆ ಅಂಗಡಿಯವನು ಮೀಟರ್ ಹೇಳದೆ ಬಟ್ಟೆ ಮಾರುವುದಿಲ್ಲವಲ್ಲ.

ಅಣ್ಣ ಮೊನ್ನೆ ಊರಿಗೆ ಮರಳಿದ. ತುರ್ತು ಬಾಗಿಲಿನ ಸಾಲಿನಲ್ಲಿ ಜಾಗ ಹೆಚ್ಚು, ಆದರೆ ಮಂಡಿ ನೋವಿನವರನ್ನು ಅಲ್ಲಿ ಕೂರಿಸುವುದಿಲ್ಲ. ಅದಕ್ಕೇ ಅವನಿಗೆ ಸಿ ಸೀಟು ಹಿಡಿದುಕೊಟ್ಟೆ. ಅಲ್ಲಿ ಓಣಿ ಬಲಕ್ಕಿರುತ್ತದೆ, ನೋಯುವ ಬಲಗಾಲನ್ನು ಚಾಚಬಹುದು. ತಿಂಡಿಯ ಗಾಡಿ ಬಂದಾಗ ಮಾತ್ರ ಒಳಗೆಳೆದುಕೋ ಎಂದು ಎರಡು ಸಲ ಹೇಳಿ ಕಳುಹಿಸಿದೆ. ಬಜಪೆಯಲ್ಲಿ ಇಳಿದು ಫೋನ್ ಮಾಡಿದವನು ಸೀಟಿನ ಸುದ್ದಿ ಎತ್ತಲಿಲ್ಲ. ಊರಿನಲ್ಲಿ ಮಳೆ ಜೋರಾಗಿದೆ ಎಂದ.

ನಮಸ್ಕಾರ.