ಏಳನೆಯ ಕುಳ್ಳನ ಹಾಸಿಗೆ

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ರಾಣಿಯ ಹೊಟ್ಟೆಕಿಚ್ಚಿಗೆ ಕಾಡು ಸೇರಿ, ಏಳು ಕುಳ್ಳರ ಮನೆಯಲ್ಲಿ ಆಸರೆ ಪಡೆದ ಸ್ನೋ ವೈಟ್ ಎಂಬ ರಾಜಕುಮಾರಿಯ ಕಥೆಯನ್ನು ಬಳ್ಳಾರಿಯ ಕಾಲೇಜೊಂದರ ಹಾಸ್ಟೆಲಿಗೆ ತಂದು ನಗೆನಾಟಕ ಕಟ್ಟಿರುವ ನಿಮಗೆ, ಪರದೆ ಏಳುವ ಮೊದಲು ನಾನು ಹೇಳಬೇಕಾದದ್ದು ಒಂದೇ ಮಾತು. ಈ ಕಥೆಯ ನಗೆ ಕುಳ್ಳರ ಮನೆಯೊಳಗೇ ಇದೆ. ಅವರನ್ನು ಗೇಲಿ ಮಾಡದೆಯೇ ಸಭೆಯನ್ನು ನಗಿಸಬಹುದು.

2007ರ ಅಮೆರಿಕದ ‘ಸಿಡ್ನಿ ವೈಟ್’ ಚಿತ್ರ ಇದೇ ಕೆಲಸಕ್ಕೆ ಕೈಹಾಕಿತ್ತು. ಅಲ್ಲಿ ನಾಯಕಿ ಪ್ಲಂಬರ್ ಒಬ್ಬನ ಮಗಳು. ಮಾಯಾಕನ್ನಡಿಯ ಜಾಗದಲ್ಲಿ ಅಂತರ್ಜಾಲದ ಚೆಲುವೆಯರ ಪಟ್ಟಿ, ವಿಷದ ಸೇಬಿನ ಜಾಗದಲ್ಲಿ ಕಂಪ್ಯೂಟರ್ ವೈರಸ್, ಕುಳ್ಳರ ಜಾಗದಲ್ಲಿ ಕಾಲೇಜಿನಲ್ಲಿ ಯಾರೂ ಹತ್ತಿರ ಸೇರಿಸದ ಏಳು ಹುಡುಗರು. ಜೋಡಣೆ ಜಾಣತನದ್ದೇ. ಆದರೆ ಒಬ್ಬೊಬ್ಬನಿಗೂ ಒಂದೊಂದು ವಿಚಿತ್ರ ಸ್ವಭಾವ ಅಂಟಿಸುವ ರೂಢಿ, 1937ರ ಡಿಸ್ನಿ ಚಿತ್ರ ಕುಳ್ಳರಿಗೆ ಸ್ವಭಾವ ನೋಡಿ ಹೆಸರಿಟ್ಟಂತೆಯೇ, ಅಲ್ಲಿಯೂ ಮುಂದುವರಿದಿದೆ. ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಕುಳ್ಳರಿಗೆ ಹೆಸರಿಲ್ಲ, ಕೆಲಸವಿದೆ: ಅವರು ಬೆಟ್ಟದಲ್ಲಿ ಅದಿರು ಅಗೆಯುವವರು. ಸಂಡೂರಿನ ಬೆಟ್ಟಗಳನ್ನು ಕಂಡಿರುವ ಈ ಸಭೆಗೆ ಆ ದುಡಿಮೆ ಎಂಥದ್ದೆಂದು ನಾನು ವಿವರಿಸಬೇಕಿಲ್ಲ.

ಆ ಮನೆಯ ದೃಶ್ಯವನ್ನು ಒಮ್ಮೆ ನೋಡಿ. ದುಡಿದು ಕತ್ತಲಾದ ಮೇಲೆ ಬಂದವರು ದೀಪ ಹಚ್ಚುತ್ತಾರೆ. ನನ್ನ ಕುರ್ಚಿಯಲ್ಲಿ ಕೂತವರು ಯಾರು, ನನ್ನ ತಾಟಿನಲ್ಲಿ ಉಂಡವರು ಯಾರು, ನನ್ನ ರೊಟ್ಟಿ ಮುರಿದವರು ಯಾರು ಎಂದು ಒಬ್ಬೊಬ್ಬರೂ ಕೇಳುತ್ತಾರೆ. ನಿಮ್ಮ ತಾಲೀಮಿನಲ್ಲಿ ಸಿರುಗುಪ್ಪದ ಹುಡುಗ ಮೆಸ್ಸಿನ ಸ್ಟೀಲ್ ತಾಟನ್ನು ದೀಪಕ್ಕೆ ಹಿಡಿದು, “ನನ್ನ ತಾಟಿನ್ಯಾಗ ಉಂಡಾರು ಯಾರಲೇ?” ಎಂದಾಗ ಇಡೀ ಕೋಣೆ ನಕ್ಕಿತು. ಯಾರನ್ನೂ ಹಂಗಿಸದೆ ಹುಟ್ಟಿದ ನಗೆ ಅದು. ಅದಕ್ಕಿಂತ ದೊಡ್ಡದು ಮುಂದಿದೆ. ಹುಡುಗಿ ಮಲಗಿರುವುದು ಏಳನೆಯವನ ಹಾಸಿಗೆಯಲ್ಲಿ. ಅವಳನ್ನು ಯಾರೂ ಎಬ್ಬಿಸುವುದಿಲ್ಲ. ಏಳನೆಯವನು ಉಳಿದ ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ತಾಸು ಮಲಗಿ ರಾತ್ರಿ ಕಳೆಯುತ್ತಾನೆ. ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಅವನು ಮಂಚದಿಂದ ಮಂಚಕ್ಕೆ ಹೋಗುವುದನ್ನು ಪೂರ್ತಿ ಆಡಿ ತೋರಿಸಿರಿ, ಅವಸರ ಮಾಡಬೇಡಿ.

ನಗೆ ಬೆರೆತರೆ ಕಥೆಯ ಗಾಂಭೀರ್ಯ ಕೆಡುತ್ತದೆ ಎನ್ನುವ ಹಿರಿಯರೂ ಇಲ್ಲಿದ್ದಾರೆ. ನಮ್ಮ ತೊಗಲುಗೊಂಬೆಯಾಟದಲ್ಲಿ ರಾಮಾಯಣದ ನಡುವೆಯೇ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ನಗಿಸಿ ಹೋಗುತ್ತವೆ. ಅದರಿಂದ ಸೀತೆಯ ದುಃಖವೇನೂ ಕಡಿಮೆಯಾಗಿಲ್ಲ.

ಸಮಯ ಮೀರುತ್ತಿದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಕನ್ನಡಿಯನ್ನು ಮೊಬೈಲ್ ಮಾಡಿದ್ದೀರಿ, ಸರಿಯೇ. ಆದರೆ ರಾಣಿಯ ಹೊಟ್ಟೆಕಿಚ್ಚನ್ನು ಹಗುರ ಮಾಡಬೇಡಿ, ಅವಳ ಭಯವಿಲ್ಲದಿದ್ದರೆ ಆ ಏಳು ಮಂದಿಯ ಆಸರೆಗೆ ಬೆಲೆಯಿಲ್ಲ. ಕೊನೆಯ ದೃಶ್ಯದಲ್ಲಿ ರಾಜಕುಮಾರ ಕೊಡುವ ಮುತ್ತಿನ ಬಗ್ಗೆ ನಿಮ್ಮಲ್ಲಿ ಇನ್ನೂ ಜಗಳ ನಡೆದಿದೆಯಂತೆ. ಗ್ರಿಮ್ ಕಥೆಯಲ್ಲಿ ಮುತ್ತೇ ಇಲ್ಲ. 1812ರ ನಂತರದ ಅವರ ಆವೃತ್ತಿಗಳಲ್ಲಿ, ಸ್ನೋ ವೈಟಳನ್ನಿಟ್ಟ ಶವಪೆಟ್ಟಿಗೆ ಹೊತ್ತ ಸೇವಕರು ಪೊದೆಗೆ ಎಡವುತ್ತಾರೆ, ಆ ಕುಲುಕಾಟಕ್ಕೆ ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬೀಳುತ್ತದೆ. ಪೆಟ್ಟಿಗೆಯನ್ನು ನಿಮ್ಮ ಏಳು ಹುಡುಗರೇ ಹೊರಲಿ, ಎಡವುವವನು ಆ ಏಳನೆಯವನೇ ಆಗಲಿ.